ವಖಾರಿ, ಅಂಗಡಿ, ಹೋಮ್‌ಸ್ಟೇ ಕಂಪ್ಯೂಟರಿಗೆ ವಿಂಡೋಸ್ 11 ಹಾಕಿಸಬೇಕೇ? ಶಿರಸಿ, ಕಾರವಾರದ ವ್ಯವಹಾರಸ್ಥರಿಗೆ ಸಮಗ್ರ ಮಾರ್ಗದರ್ಶಿ

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಉಚಿತ ಭದ್ರತಾ ಅಪ್‌ಡೇಟ್ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಮರುದಿನ ಯಾವ ಕಂಪ್ಯೂಟರೂ ನಿಂತುಹೋಗಲಿಲ್ಲ. ಟ್ಯಾಲಿ ತೆರೆಯಿತು, ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್ ಪಟ್ಟಿ ಹೊಡೆಯಿತು, ಜಿಎಸ್‌ಟಿ ಪೋರ್ಟಲ್ ಲಾಗಿನ್ ಆಯಿತು. ಹಾಗಾಗಿ ಶಿರಸಿಯ ಅಡಿಕೆ ವಖಾರಿಯಿಂದ ಕಾರವಾರ ಬೈತಖೋಲದ ಮೀನು ವ್ಯಾಪಾರದ ಕಚೇರಿಯವರೆಗೆ ಏಳುವ ಪ್ರಶ್ನೆ ಒಂದೇ: ಚೆನ್ನಾಗಿ ನಡೆಯುತ್ತಿರುವುದನ್ನು ಯಾಕೆ ಮುಟ್ಟಬೇಕು?

ಕೇಳಬೇಕಾದ ಪ್ರಶ್ನೆಯೇ. ಆದರೆ ಇಡೀ ವ್ಯವಹಾರಕ್ಕೆ ಒಂದೇ ಉತ್ತರ ಹುಡುಕಿದರೆ ಎಡವುತ್ತೀರಿ. ಒಂದೊಂದು ಕಂಪ್ಯೂಟರಿಗೂ ಉತ್ತರ ಬೇರೆ. ಆ ಉತ್ತರವನ್ನು ಬಹಳ ಸಲ ಹೇಳುವುದು ಕಂಪ್ಯೂಟರ್ ಅಲ್ಲ, ಅದಕ್ಕೆ ಜೋಡಿಸಿದ ತೂಕದ ಯಂತ್ರ, ಹಳೆಯ ಪ್ರಿಂಟರ್, ಸಹಿ ಟೋಕನ್, ಯಾರೋ 20 ವರ್ಷದ ಹಿಂದೆ ಬರೆದುಕೊಟ್ಟ ಸಾಫ್ಟ್‌ವೇರ್. ಅಪ್‌ಡೇಟ್ ನಿಂತ ಮೇಲೆ ಪತ್ತೆಯಾಗುವ ಪ್ರತಿ ಹೊಸ ರಂಧ್ರವೂ ಆ ಯಂತ್ರದಲ್ಲಿ ಮುಚ್ಚದೆ ಉಳಿಯುತ್ತದೆ. ಇಂಟರ್ನೆಟ್, ಇಮೇಲ್, ಬ್ಯಾಂಕ್ ವ್ಯವಹಾರ ಇರುವ ಯಂತ್ರಕ್ಕೆ ಅದು ನಿಜವಾದ ಅಪಾಯ. ಮೂಲೆಯಲ್ಲಿ ಕೂತು ತೂಕ ಮಾತ್ರ ಬರೆದುಕೊಳ್ಳುವ ಯಂತ್ರಕ್ಕೆ ಅಷ್ಟಿಲ್ಲ.

ಮೊದಲ ಹೆಜ್ಜೆ: ಯಂತ್ರಕ್ಕೊಂದು ಪುಟ

ಒಂದು ನೋಟ್‌ಬುಕ್ ತೆಗೆದುಕೊಂಡು ಪ್ರತಿ ಕಂಪ್ಯೂಟರಿಗೆ ಒಂದು ಪುಟ ಬಿಡಿ. ಕೀಬೋರ್ಡಿನಲ್ಲಿ ವಿಂಡೋಸ್ ಗುರುತಿನ ಕೀ ಮತ್ತು ಆರ್ ಒಟ್ಟಿಗೆ ಒತ್ತಿ, ಬರುವ ಪೆಟ್ಟಿಗೆಯಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ‘ವಿನ್‌ವರ್’ (winver) ಎಂದು ಟೈಪಿಸಿದರೆ ವಿಂಡೋಸ್ ಆವೃತ್ತಿ ಕಾಣುತ್ತದೆ. ವಿಂಡೋಸ್ 10 ಆಗಿದ್ದರೆ 22ಎಚ್2 ಇರಬೇಕು, ಅದೇ ಅದರ ಕೊನೆಯ ಆವೃತ್ತಿ. ಅದೇ ಪೆಟ್ಟಿಗೆಯಲ್ಲಿ ‘ಎಂಎಸ್‌ಇನ್ಫೋ32’ (msinfo32) ಕೊಟ್ಟರೆ ಪ್ರೊಸೆಸರ್, ರ‍್ಯಾಮ್, ಬಯೋಸ್ (ವಿಂಡೋಸಿಗೂ ಮೊದಲು ಯಂತ್ರವನ್ನು ಚಾಲೂ ಮಾಡುವ ಒಳಗಿನ ಪ್ರೋಗ್ರಾಂ) ಮೋಡ್, ಸೆಕ್ಯೂರ್ ಬೂಟ್ ಸ್ಥಿತಿ ಎಲ್ಲ ಒಂದೇ ಕಡೆ ಸಿಗುತ್ತವೆ. ‘ಟಿಪಿಎಂ.ಎಂಎಸ್‌ಸಿ’ (tpm.msc) ಕೊಟ್ಟರೆ ಟಿಪಿಎಂ ಎಂಬ ಭದ್ರತಾ ಚಿಪ್ ಇದೆಯೇ, ಅದರ ಆವೃತ್ತಿ 2.0 ಹೌದೇ ಎಂದು ತಿಳಿಯುತ್ತದೆ.

ವಿಂಡೋಸ್ 11 ಕೇಳುವುದು ಇಷ್ಟು: 64 ಬಿಟ್‌ನ ಕನಿಷ್ಠ ಎರಡು ಕೋರ್ ಪ್ರೊಸೆಸರ್, 4 ಜಿಬಿ ರ‍್ಯಾಮ್, 64 ಜಿಬಿ ಡಿಸ್ಕ್, ಯುಇಎಫ್‌ಐ ಎಂಬ ಹೊಸ ಮಾದರಿಯ ಬಯೋಸ್, ಸೆಕ್ಯೂರ್ ಬೂಟ್ ಸೌಲಭ್ಯ, ಟಿಪಿಎಂ 2.0. ಹೆಚ್ಚಿನವರು ಸಿಕ್ಕಿಕೊಳ್ಳುವುದು ಪ್ರೊಸೆಸರಿನಲ್ಲಿ. ಇಂಟೆಲ್ ಆದರೆ ಕೆಲವು ಅಪವಾದ ಬಿಟ್ಟು 8ನೇ ತಲೆಮಾರು ಅಥವಾ ಅದಕ್ಕಿಂತ ಹೊಸದು ಬೇಕು. ಹೆಸರಿನ ಮುಂದಿನ ಅಂಕಿ ನೋಡಿ: ಐ5-8250 ಅಂದರೆ 8ನೇ ತಲೆಮಾರು, ನಡೆಯುತ್ತದೆ. ಐ5-7200 ಅಂದರೆ 7ನೆಯದು, ನಡೆಯುವುದಿಲ್ಲ. ಐ3-10100 ಅಂದರೆ 10ನೆಯದು. ಎಎಂಡಿ ರೈಜನ್‌ನಲ್ಲಿ 2000ದ ಸರಣಿಯಿಂದ ಮುಂದಿನವು ನಡೆಯುತ್ತವೆ, ಆದರೆ ಆ ಸರಣಿಯ ಎಲ್ಲವೂ ಪಟ್ಟಿಯಲ್ಲಿಲ್ಲ. ಅನುಮಾನ ಬಂದಾಗ ಮೈಕ್ರೋಸಾಫ್ಟಿನ ‘ಪಿಸಿ ಹೆಲ್ತ್ ಚೆಕ್’ ಎಂಬ ಉಚಿತ ಸಾಧನ ಹಾಕಿ ನೋಡಿ, ಯಾವುದು ಸಾಲದು ಎಂದು ಬಿಡಿಸಿ ಹೇಳುತ್ತದೆ.

4 ಜಿಬಿ ರ‍್ಯಾಮ್ ಎಂಬುದು ಕಾಗದದ ಮೇಲಿನ ಲೆಕ್ಕ. ಟ್ಯಾಲಿ, ಬ್ರೌಸರಿನಲ್ಲಿ ನಾಲ್ಕು ಪುಟ, ಒಂದು ಎಕ್ಸೆಲ್ ಒಟ್ಟಿಗೆ ತೆರೆಯುವವರಿಗೆ 8 ಜಿಬಿಗಿಂತ ಕಡಿಮೆ ಸಾಲದು. ತಿರುಗುವ ಹಾರ್ಡ್ ಡಿಸ್ಕಿನ ಮೇಲೆ ವಿಂಡೋಸ್ 11 ಹಾಕಿಸಲೇಬೇಡಿ. ಕನಿಷ್ಠ 256 ಜಿಬಿಯ ಎಸ್‌ಎಸ್‌ಡಿ ಹಾಕಿಸಿ, ಅದೇ ಯಂತ್ರ ಬೇರೆಯೇ ಯಂತ್ರದಂತೆ ಓಡುತ್ತದೆ.

ಪುಟದಲ್ಲಿ ಇನ್ನೂ ಮೂರು ಸಂಗತಿ ಬರೆಯಿರಿ. ಈ ಯಂತ್ರದಲ್ಲಿ ಯಾರು ಏನು ಮಾಡುತ್ತಾರೆ? ಇದು ಇಂಟರ್ನೆಟ್ಟಿಗೆ ಸಿಕ್ಕಿದೆಯೇ? ಇದಕ್ಕೆ ಏನೇನು ಜೋಡಿಸಿದೆ? ಹಿಂದೆ ಹೋಗಿ ಪ್ರತಿ ಕೇಬಲ್ ಹಿಡಿದು ನೋಡಿ ಬರೆಯಿರಿ. ನೆನಪಿನಿಂದ ಬರೆದ ಪಟ್ಟಿಯಲ್ಲಿ ಒಂದಲ್ಲ ಒಂದು ಬಿಟ್ಟುಹೋಗಿರುತ್ತದೆ, ಕೊನೆಗೆ ಕೈಕೊಡುವುದೂ ಅದೇ.

ಎರಡನೆಯದು: ಜೋಡಿಸಿದ ವಸ್ತುಗಳ ಪರೀಕ್ಷೆ

ಹೆಚ್ಚು ಹೊತ್ತು ಕೊಡಬೇಕಾದದ್ದು ಇಲ್ಲಿ.

*ತೂಕದ ಯಂತ್ರ.* ಅಡಿಕೆ ತೂಗುವ ಪ್ಲಾಟ್‌ಫಾರ್ಮ್ ಕಾಟವಾಗಲಿ, ಲಾರಿಯ ವೇಬ್ರಿಜ್ ಆಗಲಿ, ಬಹುತೇಕ 9 ಪಿನ್ನಿನ ಸೀರಿಯಲ್ ಕೇಬಲ್ ಮೂಲಕ ಮಾತಾಡುತ್ತವೆ. ಹೊಸ ಕಂಪ್ಯೂಟರಿನಲ್ಲಿ ಆ ಕಿಂಡಿ ಇರುವುದು ಅಪರೂಪ, ಯುಎಸ್‌ಬಿ ಪರಿವರ್ತಕ ಹಾಕಬೇಕಾಗುತ್ತದೆ. ಆ ಪರಿವರ್ತಕದ ಒಳಗಿನ ಚಿಪ್ ಹಳೆಯ ಪ್ರೊಲಿಫಿಕ್ ಪಿಎಲ್2303 ಆಗಿದ್ದರೆ ವಿಂಡೋಸ್ 11ರಲ್ಲಿ ಡಿವೈಸ್ ಮ್ಯಾನೇಜರ್ ಹಳದಿ ಗುರುತು ತೋರಿಸಿ ಕೂತುಬಿಡುತ್ತದೆ. ಆ ಹಳೆಯ ಚಿಪ್‌ಗಳಿಗೆ ತಯಾರಕರೇ ಬೆಂಬಲ ನಿಲ್ಲಿಸಿದ್ದಾರೆ. ಎಫ್‌ಟಿಡಿಐ ಚಿಪ್ ಇರುವ ಪರಿವರ್ತಕ ಕೇಳಿ ತರಿಸಿ.

ಕೇಬಲ್ ಬಿಚ್ಚುವ ಮೊದಲು ಈಗಿನ ಸಾಫ್ಟ್‌ವೇರಿನಲ್ಲಿರುವ ಬಾಡ್ ರೇಟ್ (2400, 4800, 9600 ಹೀಗೆ), ಡೇಟಾ ಬಿಟ್, ಪ್ಯಾರಿಟಿ, ಸ್ಟಾಪ್ ಬಿಟ್, ಕಾಮ್ ಪೋರ್ಟಿನ ಸಂಖ್ಯೆ ಬರೆದಿಟ್ಟುಕೊಳ್ಳಿ. ಹಳೆಯ ಎಷ್ಟೋ ಸಾಫ್ಟ್‌ವೇರ್‌ಗಳಲ್ಲಿ ಕಾಮ್ 1ರಿಂದ 4ರವರೆಗೆ ಮಾತ್ರ ಆಯ್ಕೆ ಇರುತ್ತದೆ. ವಿಂಡೋಸ್ ಹೊಸ ಪರಿವರ್ತಕಕ್ಕೆ 5 ಅಥವಾ 7 ಕೊಟ್ಟರೆ ತೂಕ ಬರುವುದೇ ಇಲ್ಲ. ಆಗ ಡಿವೈಸ್ ಮ್ಯಾನೇಜರ್, ಪೋರ್ಟ್ಸ್, ಪ್ರಾಪರ್ಟೀಸ್, ಅಡ್ವಾನ್ಸ್‌ಡ್ ಎಂಬ ದಾರಿಯಲ್ಲಿ ಹೋಗಿ ಸಂಖ್ಯೆ ಬದಲಿಸಿ. ಪರಿವರ್ತಕವನ್ನು ದಿನವೂ ಒಂದೇ ಯುಎಸ್‌ಬಿ ಕಿಂಡಿಗೆ ಹಾಕಿ, ಕಿಂಡಿ ಬದಲಾದರೆ ಸಂಖ್ಯೆಯೂ ಬದಲಾಗುವುದುಂಟು.

*ಫಾಕ್ಸ್‌ಪ್ರೋ ಕಾಲದ ಸಾಫ್ಟ್‌ವೇರ್.* ದಲಾಲಿ, ಸಹಕಾರಿ ಸಂಘಗಳ ಲೆಕ್ಕದಲ್ಲಿ ಡಾಸ್ ಕಾಲದ ಪ್ರೋಗ್ರಾಂಗಳು ಇನ್ನೂ ಸಿಗುತ್ತವೆ. 16 ಬಿಟ್‌ನ ಪ್ರೋಗ್ರಾಂಗಳು 32 ಬಿಟ್‌ನ ವಿಂಡೋಸಿನಲ್ಲಿ ಮಾತ್ರ ಓಡುತ್ತವೆ. ವಿಂಡೋಸ್ 11ಕ್ಕೆ 32 ಬಿಟ್‌ನ ಆವೃತ್ತಿಯೇ ಇಲ್ಲ. 32 ಬಿಟ್‌ನ ವಿಂಡೋಸ್ 10ರ ಮೇಲಿಂದ ನೇರ ಅಪ್‌ಗ್ರೇಡೂ ಆಗುವುದಿಲ್ಲ, ಡಿಸ್ಕ್ ಅಳಿಸಿ ಹೊಸದಾಗಿಯೇ ಹಾಕಬೇಕು. ಇಂಥ ಪ್ರೋಗ್ರಾಂ ಇದ್ದರೆ ಬೇರೊಂದು ಕಂಪ್ಯೂಟರಿನಲ್ಲಿ ಡಾಸ್ ಪ್ರೋಗ್ರಾಂ ಓಡಿಸುವ ಡಾಸ್‌ಬಾಕ್ಸ್ ಹಾಕಿ, ಡೇಟಾದ ನಕಲಿನ ಮೇಲೆ ಒಂದು ವಾರ ಓಡಿಸಿ ನೋಡಿ. ಪ್ರಿಂಟಿಂಗ್ ಸರಿಬರುವುದೇ ಎಂಬುದನ್ನು ಮುಖ್ಯವಾಗಿ ಪರೀಕ್ಷಿಸಿ. ಫಾಕ್ಸ್‌ಪ್ರೋದ ಡೇಟಾ ಇರುವ ಡಿಬಿಎಫ್ ಕಡತಗಳನ್ನು ಉಚಿತವಾದ ಲಿಬ್ರೆಆಫೀಸ್ ಕ್ಯಾಲ್ಕ್ ನೇರವಾಗಿ ತೆರೆಯುತ್ತದೆ, ಹಾಗಾಗಿ ಹಳೆಯ ಖಾತೆಗಳನ್ನು ಶೀಟ್ ರೂಪದಲ್ಲಿ ಉಳಿಸಿಕೊಳ್ಳುವುದು ಕಷ್ಟವಲ್ಲ. ವಿಷುಯಲ್ ಫಾಕ್ಸ್‌ಪ್ರೋದಲ್ಲಿ ಬರೆದದ್ದಾದರೆ ಅದು 32 ಬಿಟ್, ಸಾಮಾನ್ಯವಾಗಿ ವಿಂಡೋಸ್ 11ರಲ್ಲೂ ಓಡುತ್ತದೆ.

*ಸಹಿ ಟೋಕನ್.* ಡಿಜಿಟಲ್ ಸಹಿಯ ಯುಎಸ್‌ಬಿ ಟೋಕನ್ನಿಗೆ ಅದರ ತಯಾರಕರ ಡ್ರೈವರ್ ಬೇಕು, ಜಿಎಸ್‌ಟಿ ಪೋರ್ಟಲಿಗೆ ಸಹಿ ಹಾಕಿಕೊಡುವ ಎಂಸೈನರ್ ಸಾಫ್ಟ್‌ವೇರ್ ಬೇಕು. ವಿಂಡೋಸ್ ಬದಲಾದ ಮೇಲೆ ಎರಡನ್ನೂ ಹೊಸದಾಗಿ ಇಳಿಸಿ ಹಾಕಿ. ಟೋಕನ್ ಕಾಣಲಿಲ್ಲವೆಂದು ಅದರ ಸಾಧನದಲ್ಲಿರುವ ‘ಇನಿಷಿಯಲೈಸ್’ ಗುಂಡಿ ಒತ್ತಬೇಡಿ. ಒಳಗಿನ ಪ್ರಮಾಣಪತ್ರ ಅಳಿಸಿಹೋಗುತ್ತದೆ, ಹೊಸದನ್ನು ಹಣ ಕೊಟ್ಟು ಮಾಡಿಸಬೇಕಾಗುತ್ತದೆ.

*ಟ್ಯಾಲಿ.* ಪರವಾನಗಿ ಆ ಯಂತ್ರಕ್ಕೇ ಅಂಟಿಕೊಂಡಿರುತ್ತದೆ. ಡಿಸ್ಕ್ ಬದಲಿಸುವುದಿದ್ದರೆ, ಫಾರ್ಮ್ಯಾಟ್ ಮಾಡುವುದಿದ್ದರೆ, ಬೇರೆ ಕಂಪ್ಯೂಟರಿಗೆ ಹೋಗುವುದಿದ್ದರೆ ಮೊದಲು ಟ್ಯಾಲಿಯೊಳಗಿಂದ ಲೈಸೆನ್ಸ್ ಸರೆಂಡರ್ ಮಾಡಿ, ಹೊಸದರಲ್ಲಿ ಮತ್ತೆ ಆ್ಯಕ್ಟಿವೇಟ್ ಮಾಡಿ. ಪರವಾನಗಿಗೆ ನೋಂದಾಯಿಸಿದ ಇಮೇಲ್ ಮತ್ತು ಪಾಸ್‌ವರ್ಡ್ ಯಾರ ಬಳಿ ಇದೆ ಎಂದು ಇವತ್ತೇ ಹುಡುಕಿ. ಬಿಟ್ಟುಹೋದ ಗುಮಾಸ್ತರ ಇಮೇಲ್ ಆಗಿದ್ದರೆ ಅದನ್ನು ಸರಿಪಡಿಸಿಕೊಂಡ ಮೇಲೆಯೇ ಮುಂದಿನ ಹೆಜ್ಜೆ.

*ಹಂಚಿಕೊಂಡ ಫೋಲ್ಡರ್.* ಒಂದು ಕಂಪ್ಯೂಟರಿನಲ್ಲಿ ಟ್ಯಾಲಿ ಡೇಟಾ ಇಟ್ಟು, ಪಾಸ್‌ವರ್ಡ್ ಇಲ್ಲದೆ ಉಳಿದವು ಅದನ್ನು ತೆರೆಯುವ ಕಚೇರಿಗಳು ಬಹಳ. ವಿಂಡೋಸ್ 11 ಪ್ರೋದ 24ಎಚ್2 ಆವೃತ್ತಿಯಿಂದ ಪಾಸ್‌ವರ್ಡ್ ಇಲ್ಲದ ಅತಿಥಿ ಪ್ರವೇಶ ತಾನಾಗಿಯೇ ಮುಚ್ಚಿರುತ್ತದೆ, ನೆಟ್‌ವರ್ಕ್ ಮಾತುಕತೆಗೆ ಸಹಿಯೂ ಕಡ್ಡಾಯ. ಅಪ್‌ಗ್ರೇಡ್ ಆದ ಬೆಳಿಗ್ಗೆ ‘ಡೇಟಾ ಸಿಗುತ್ತಿಲ್ಲ’ ಎಂಬ ಗಾಬರಿಗೆ ಬಹಳ ಸಲ ಕಾರಣ ಇದೇ, ಡೇಟಾ ಎಲ್ಲಿಗೂ ಹೋಗಿರುವುದಿಲ್ಲ. ಡೇಟಾ ಇರುವ ಯಂತ್ರದಲ್ಲಿ ಪಾಸ್‌ವರ್ಡ್ ಇರುವ ಒಂದು ಬಳಕೆದಾರ ಖಾತೆ ಮಾಡಿ, ಫೋಲ್ಡರನ್ನು ಅದಕ್ಕೆ ಮಾತ್ರ ಹಂಚಿ, ಉಳಿದ ಯಂತ್ರಗಳ ಕ್ರೆಡೆನ್ಷಿಯಲ್ ಮ್ಯಾನೇಜರಿನಲ್ಲಿ ಆ ಹೆಸರು, ಪಾಸ್‌ವರ್ಡ್ ತುಂಬಿಡಿ. ಭದ್ರತೆಯನ್ನೇ ಆಫ್ ಮಾಡಿ ಕೆಲಸ ಸಾಗಿಸುವ ಸಲಹೆ ಬಂದರೆ ಒಪ್ಪಬೇಡಿ, ಒಂದು ಯಂತ್ರಕ್ಕೆ ಬಂದ ವೈರಸ್ ಹಂಚಿದ ಫೋಲ್ಡರಿಗೆ ಹಬ್ಬುವುದು ಆ ದಾರಿಯಲ್ಲೇ.

*ನುಡಿ, ಬರಹ ಫಾಂಟ್‌ಗಳು.* ಹಳೆಯ ಪತ್ರ, ಠರಾವು, ನೋಟಿಸುಗಳು ಯೂನಿಕೋಡ್ ಪೂರ್ವದ ನುಡಿ ಅಕ್ಷರಗಳಲ್ಲಿದ್ದರೆ, ಹೊಸದಾಗಿ ವಿಂಡೋಸ್ ಹಾಕಿದ ಯಂತ್ರದಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತವೆ. ವಿಂಡೋಸಿನ ಫಾಂಟ್ಸ್ ಫೋಲ್ಡರಿನಿಂದ ಆ ಫಾಂಟುಗಳನ್ನು ಮೊದಲೇ ಪೆನ್‌ಡ್ರೈವಿಗೆ ನಕಲಿಸಿಡಿ. ತುಂಗಾ ಫಾಂಟ್ ಕಾಣದಿದ್ದರೆ ಸೆಟ್ಟಿಂಗ್ಸ್‌ನ ಐಚ್ಛಿಕ ಸೌಲಭ್ಯಗಳಲ್ಲಿ ಕನ್ನಡ ಪೂರಕ ಫಾಂಟುಗಳನ್ನು ಸೇರಿಸಿಕೊಳ್ಳಿ.

ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರಿಗೆ ಯುಎಸ್‌ಬಿ ಕಿಂಡಿ ಇದ್ದರೆ ಚಿಂತೆಯಿಲ್ಲ. ಅಗಲದ ಪ್ಯಾರಲೆಲ್ ಕಿಂಡಿ ಮಾತ್ರ ಇದ್ದರೆ ಪಿಸಿಐ ಎಕ್ಸ್‌ಪ್ರೆಸ್ ಕಾರ್ಡ್ ಹಾಕಿಸುವುದು ಯುಎಸ್‌ಬಿ ಪರಿವರ್ತಕಕ್ಕಿಂತ ನಂಬಿಕೆಯದು, ಡಾಸ್ ಪ್ರೋಗ್ರಾಂಗಳಿದ್ದರೆ ಇನ್ನೂ ಮುಖ್ಯ.

ಮೂರನೆಯದು: ಐದರಲ್ಲಿ ಒಂದು ದಾರಿ

ಯಂತ್ರ ಅರ್ಹವಾಗಿದೆ, ಜೋಡಿಸಿದ್ದೆಲ್ಲ ಪಾಸಾಗಿದೆ ಎಂದಾದರೆ ಅಪ್‌ಗ್ರೇಡ್ ಮಾಡಿ. ಅಸಲಿ ವಿಂಡೋಸ್ 10 ಇದ್ದವರಿಗೆ ವಿಂಡೋಸ್ 11 ಉಚಿತ. ಹೋಮ್ ಇದ್ದರೆ ಹೋಮ್, ಪ್ರೋ ಇದ್ದರೆ ಪ್ರೋ ಸಿಗುತ್ತದೆ. ಕೆಲವು ನೂರು ರೂಪಾಯಿಗೆ ಆನ್‌ಲೈನಿನಲ್ಲಿ ಮಾರುವ ಕೀಗಳನ್ನು ವ್ಯವಹಾರದ ಯಂತ್ರಕ್ಕೆ ಹಾಕಬೇಡಿ.

ಅರ್ಹವಲ್ಲದ, ಆದರೆ ಇಂಟರ್ನೆಟ್ ಮತ್ತು ಹಣದ ಕೆಲಸ ಮಾಡುವ ಯಂತ್ರವನ್ನು ಬದಲಿಸಿ. ಅರ್ಹತೆಯ ತಪಾಸಣೆ ತಪ್ಪಿಸಿ ಹಳೆಯ ಪ್ರೊಸೆಸರ್ ಮೇಲೆ ವಿಂಡೋಸ್ 11 ಹಾಕಿಕೊಡುವವರಿದ್ದಾರೆ. ಓಡುತ್ತದೆ, ಆದರೆ ಅಂಥ ಯಂತ್ರಕ್ಕೆ ಅಪ್‌ಡೇಟಿನ ಭರವಸೆ ಇಲ್ಲವೆಂದು ಮೈಕ್ರೋಸಾಫ್ಟ್ ಸ್ಪಷ್ಟವಾಗಿ ಹೇಳಿದೆ. ಅಪ್‌ಡೇಟಿಗಾಗಿಯೇ ಬದಲಿಸುತ್ತಿರುವಾಗ ಅದೇ ಅನುಮಾನವಾದರೆ ಬದಲಿಸಿದ ಪ್ರಯೋಜನವೇನು?

ಹೊಸದು ಕೊಳ್ಳಲು ಸಮಯ ಬೇಕು ಎಂಬವರಿಗೆ ವಿಸ್ತರಿತ ಭದ್ರತಾ ಅಪ್‌ಡೇಟ್, ಅಂದರೆ ಇಎಸ್‌ಯು ಇದೆ. ಮನೆಬಳಕೆಯವರಿಗಾಗಿ ಮಾಡಿದ ಯೋಜನೆ 2026ರ ಅಕ್ಟೋಬರ್ 13ರವರೆಗೆ ಎಂದು ಘೋಷಣೆಯಾಯಿತು. ಸಂಸ್ಥೆಗಳಿಗೆ ಬೇರೆ ಯೋಜನೆ: ಮೊದಲ ವರ್ಷ ಯಂತ್ರವೊಂದಕ್ಕೆ 61 ಡಾಲರ್, ಎರಡನೇ ವರ್ಷ 122, ಮೂರನೇ ವರ್ಷ 244. ತಡವಾಗಿ ಸೇರಿದರೂ ಹಿಂದಿನ ವರ್ಷದ್ದನ್ನು ಕಟ್ಟಲೇಬೇಕು. ಮೂರು ವರ್ಷಕ್ಕೆ ಒಟ್ಟು 427 ಡಾಲರ್. ಹಳೆಯ ಯಂತ್ರಕ್ಕೆ ಅಷ್ಟು ಸುರಿಯುವ ಬದಲು ಒಂದು ವರ್ಷವನ್ನು ಗಡುವಾಗಿ ಬಳಸಿ ಹೊಸದು ಕೊಳ್ಳುವುದೇ ಲೇಸು.

ತೂಕದ ಯಂತ್ರ, ಫಾಕ್ಸ್‌ಪ್ರೋ ಇರುವ ಹಳೆಯ ಕಂಪ್ಯೂಟರನ್ನು ಹಾಗೆಯೇ ಇಟ್ಟುಕೊಳ್ಳಲೂಬಹುದು, ಆದರೆ ನೆಟ್‌ವರ್ಕ್ ಕೇಬಲ್ ಕಿತ್ತು, ವೈಫೈ ಆಫ್ ಮಾಡಿ. ಆಮೇಲೆ ವೈರಸ್ಸಿಗೆ ಉಳಿಯುವ ಬಾಗಿಲು ಪೆನ್‌ಡ್ರೈವ್. ಅದಕ್ಕೆಂದೇ ಒಂದನ್ನು ಮೀಸಲಿಟ್ಟು ಬಣ್ಣದ ಟೇಪ್ ಸುತ್ತಿ, ಮೊಬೈಲ್ ಚಾರ್ಜರನ್ನೂ ಆ ಯಂತ್ರಕ್ಕೆ ಸಿಕ್ಕಿಸಲು ಬಿಡಬೇಡಿ.

ಐದನೆಯ ದಾರಿ ಲಿನಕ್ಸ್. ಗೋಕರ್ಣ, ಮುರುಡೇಶ್ವರದ ಹೋಮ್‌ಸ್ಟೇ ಕೌಂಟರಿನ ಕೆಲಸ ಬುಕಿಂಗ್, ಇಮೇಲ್, ವಿದೇಶಿ ಅತಿಥಿ ಬಂದ 24 ಗಂಟೆಯೊಳಗೆ ಕೊಡಬೇಕಾದ ಮಾಹಿತಿ ಫಾರ್ಮ್ (ಬಹುಕಾಲ ಸಿ ಫಾರ್ಮ್ ಎನ್ನುತ್ತಿದ್ದದ್ದು). ಎಲ್ಲವೂ ಬ್ರೌಸರಿನಲ್ಲೇ ಮುಗಿಯುತ್ತವೆ. ಅತಿಥಿಗಳ ಪಾಸ್‌ಪೋರ್ಟ್ ಪ್ರತಿಗಳಿರುವ ಆ ಕಂಪ್ಯೂಟರನ್ನು ಅಪ್‌ಡೇಟ್ ಇಲ್ಲದೆ ಬಿಡುವುದು ಸಲ್ಲದು. 6ನೇ ಅಥವಾ 7ನೇ ತಲೆಮಾರಿನ ಯಂತ್ರವಾದರೆ ಉಬುಂಟು 24.04 ಅಥವಾ ಲಿನಕ್ಸ್ ಮಿಂಟ್ 22 ಹಾಕಬಹುದು, ಎರಡಕ್ಕೂ 2029ರವರೆಗೆ ಅಪ್‌ಡೇಟ್ ಇದೆ. ಮೊದಲು ಪೆನ್‌ಡ್ರೈವಿನಿಂದಲೇ ಚಾಲೂ ಮಾಡಿ ಪ್ರಿಂಟರ್, ಸ್ಕ್ಯಾನರ್, ವೈಫೈ ಪರೀಕ್ಷಿಸಿ. ಟ್ಯಾಲಿ ಅಥವಾ ಸಹಿ ಟೋಕನ್ ಇರುವ ಯಂತ್ರಕ್ಕೆ ಈ ದಾರಿ ಬೇಡ.

ಖರ್ಚಿನ ಲೆಕ್ಕ

ಎಸ್‌ಎಸ್‌ಡಿ, ರ‍್ಯಾಮ್, ಪರಿವರ್ತಕ, ತಂತ್ರಜ್ಞರ ಕೂಲಿ ಒಂದು ಕಡೆ ಬರೆಯಿರಿ. ಹೊಸ ಯಂತ್ರದ ಬೆಲೆ ಇನ್ನೊಂದು ಕಡೆ. ಹಳೆಯದರ ರಿಪೇರಿ ಹೊಸದರ ಮೂರನೇ ಒಂದು ಭಾಗ ದಾಟಿದರೆ ಹೊಸದೇ ಸರಿ ಎಂಬುದು ನಮ್ಮ ಅಳತೆ. ಕಡಲ ಪಕ್ಕದ ಕಚೇರಿಯಾದರೆ ಇನ್ನೂ ಬಿಗಿಯಾಗಿ ಲೆಕ್ಕ ಹಾಕಿ. ಕಾರವಾರ, ಅಂಕೋಲಾ, ಭಟ್ಕಳದ ಉಪ್ಪುಗಾಳಿಗೆ ಮದರ್‌ಬೋರ್ಡಿನ ಕಿಂಡಿಗಳು ಹಸಿರುಗಟ್ಟಿದ್ದರೆ ಅದಕ್ಕೆ ಹೊಸ ರ‍್ಯಾಮ್ ಹಾಕಿ ಫಲವಿಲ್ಲ.

ಕಂಪ್ಯೂಟರಿನ ಮೇಲಿನ 18% ಜಿಎಸ್‌ಟಿಯನ್ನು ಸಾಮಾನ್ಯ ನೋಂದಣಿ ಇರುವವರು ಹೂಡುವಳಿ ತೆರಿಗೆ ಜಮೆಯಾಗಿ (ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್) ಪಡೆಯಬಹುದು, ಕಾಂಪೋಸಿಷನ್ ಯೋಜನೆಯಲ್ಲಿರುವವರಿಗೆ ಇಲ್ಲ. ಆದಾಯ ತೆರಿಗೆಯಲ್ಲಿ ಕಂಪ್ಯೂಟರಿನ ಸವಕಳಿ 40%. ಕೊಂಡ ವರ್ಷದಲ್ಲಿ 180 ದಿನಕ್ಕಿಂತ ಕಡಿಮೆ ಬಳಸಿದರೆ ಅದರ ಅರ್ಧ ಮಾತ್ರ. ಕೊಳ್ಳುವುದೇ ಖಚಿತವಾದರೆ ಅಕ್ಟೋಬರ್ ಆರಂಭದೊಳಗೆ ಕೊಂಡು ಬಳಕೆಗೆ ತನ್ನಿ.

ಯಾವಾಗ ಮಾಡಬೇಕು

ಜಿಎಸ್‌ಟಿ ರಿಟರ್ನುಗಳಲ್ಲಿ ಜಿಎಸ್‌ಟಿಆರ್-1 ತಿಂಗಳ 11ಕ್ಕೆ, ಜಿಎಸ್‌ಟಿಆರ್-3ಬಿ 20ಕ್ಕೆ. ಹಾಗಾಗಿ 21ರಿಂದ 28ರ ನಡುವಿನ ಒಂದು ಶನಿವಾರ ಸಂಜೆ ಸರಿಯಾದ ಹೊತ್ತು. ಮೂರು ತಿಂಗಳಿಗೊಮ್ಮೆ ಸಲ್ಲಿಸುವವರು 22ರ ಗಡುವು ಕಳೆದ ಮೇಲೆ ಮಾಡಲಿ. ಮಾರ್ಚ್ ತಿಂಗಳು ಬೇಡವೇ ಬೇಡ. ಅಡಿಕೆ ವಖಾರಿಯವರು ಆವಕದ ಭರಾಟೆ ಇಳಿದ ಮೇಲೆ, ಮೀನಿನ ವ್ಯವಹಾರದವರು ಜೂನ್ 1ರಿಂದ ಜುಲೈ 31ರ ಮೀನುಗಾರಿಕೆ ನಿಷೇಧದ ಅವಧಿಯಲ್ಲಿ, ಹೋಮ್‌ಸ್ಟೇಯವರು ಮಳೆಗಾಲದಲ್ಲಿ ಇಟ್ಟುಕೊಳ್ಳಬಹುದು.

ಮಳೆಗಾಲವೆಂದರೆ ಕರೆಂಟಿನ ಮಾತೂ ಬರುತ್ತದೆ. ಎಸ್‌ಎಸ್‌ಡಿ ಯಂತ್ರಕ್ಕೆ ಅಪ್‌ಗ್ರೇಡ್ ಒಂದೆರಡು ಗಂಟೆ ಹಿಡಿಯುತ್ತದೆ. ಮಧ್ಯೆ ಕರೆಂಟ್ ಹೋದರೆ ವಿಂಡೋಸ್ ಸಾಮಾನ್ಯವಾಗಿ ಹಳೆಯ ಸ್ಥಿತಿಗೆ ಮರಳುತ್ತದೆ, ಆದರೆ ಬಯೋಸ್ ಅಪ್‌ಡೇಟ್ ಮಧ್ಯೆ ಹೋದರೆ ಮದರ್‌ಬೋರ್ಡೇ ಸತ್ತಂತೆ. ಡೆಸ್ಕ್‌ಟಾಪಿನ 600 ವಿಎ ಯುಪಿಎಸ್ ಕೆಲವು ನಿಮಿಷ ಮಾತ್ರ ತಡೆಯುತ್ತದೆ, ಅದರ ಬ್ಯಾಟರಿ ಮೂರು ವರ್ಷ ದಾಟಿದ್ದರೆ ಅಷ್ಟೂ ಇಲ್ಲ. ಮನೆಯ ಇನ್ವರ್ಟರ್ ಲೈನಿಗೆ ಜೋಡಿಸಿಕೊಂಡು ಮಾಡಿ. ಸಿದ್ದಾಪುರ, ಯಲ್ಲಾಪುರದ ಒಳಭಾಗದಲ್ಲಿ ನೆಟ್ ನಿಧಾನವಿದ್ದರೆ ಪೇಟೆಯಲ್ಲಿ ಮೈಕ್ರೋಸಾಫ್ಟಿನ ಮೀಡಿಯಾ ಕ್ರಿಯೇಷನ್ ಟೂಲ್ ಬಳಸಿ, ಕನಿಷ್ಠ 8 ಜಿಬಿಯ ಪೆನ್‌ಡ್ರೈವಿಗೆ ವಿಂಡೋಸ್ ಇಳಿಸಿಕೊಂಡು ಬನ್ನಿ.

ಮಾಡುವ ಕ್ರಮ

1. ಟ್ಯಾಲಿ ಡೇಟಾ, ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಫಾಂಟ್, ಬ್ರೌಸರಿನ ಪಾಸ್‌ವರ್ಡ್‌ಗಳನ್ನು ಹೊರಗಿನ ಡಿಸ್ಕಿಗೆ ನಕಲಿಸಿ. ಟ್ಯಾಲಿಯಲ್ಲಿ ಕಂಪನಿ ಆರಿಸುವ ಪರದೆಯಲ್ಲೇ ಡೇಟಾದ ವಿಳಾಸ ಕಾಣುತ್ತದೆ. ನಕಲನ್ನು ಬೇರೆ ಕಂಪ್ಯೂಟರಿನಲ್ಲಿ ತೆರೆದು ನಿನ್ನೆಯ ವೋಚರ್ ಇದೆಯೇ ನೋಡಿ. ತೆರೆದು ನೋಡದ ಬ್ಯಾಕಪ್ಪನ್ನು ಲೆಕ್ಕಕ್ಕೆ ಹಿಡಿಯಬೇಡಿ. ಜಿಎಸ್‌ಟಿ ದಾಖಲೆಗಳನ್ನು ವಾರ್ಷಿಕ ರಿಟರ್ನ್ ಗಡುವಿನಿಂದ 72 ತಿಂಗಳು ಇಟ್ಟುಕೊಳ್ಳಬೇಕು, ಹಾಗಾಗಿ ಹಳೆಯ ವರ್ಷಗಳ ಫೋಲ್ಡರುಗಳನ್ನೂ ಬಿಡಬೇಡಿ.

2. ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರ್ ಆನ್ ಇದೆಯೇ ನೋಡಿ. ಇದ್ದರೆ 48 ಅಂಕಿಯ ರಿಕವರಿ ಕೀ ಮುದ್ರಿಸಿಟ್ಟು, ತಾತ್ಕಾಲಿಕವಾಗಿ ಸಸ್ಪೆಂಡ್ ಮಾಡಿ. ಇದನ್ನು ಬಿಟ್ಟು ಬಯೋಸ್ ಮುಟ್ಟಿದರೆ ಯಂತ್ರ ಕೀ ಕೇಳುತ್ತದೆ, ಕೀ ಇಲ್ಲದಿದ್ದರೆ ಡೇಟಾ ಸಿಗುವುದಿಲ್ಲ.

3. ಡೆಸ್ಕ್‌ಟಾಪ್ ಹಳೆಯದಾದರೆ ಮದರ್‌ಬೋರ್ಡಿನ ಸಿಆರ್2032 ಬಿಲ್ಲೆ ಸೆಲ್ ಬದಲಿಸಿ. ಈ ಸಣ್ಣ ಕೆಲಸವನ್ನು ಬಹಳ ಮಂದಿ ಮರೆಯುತ್ತಾರೆ. ಸೆಲ್ ಸತ್ತಿದ್ದರೆ ಕರೆಂಟ್ ಹೋದಾಗ ಬಯೋಸ್ ತನ್ನ ಮೂಲ ಹೊಂದಿಕೆಗೆ ಮರಳುತ್ತದೆ. ಟಿಪಿಎಂ ಆಫ್ ಆಗಬಹುದು, ಹಳೆಯ ಮಾದರಿಯ ಲೆಗಸಿ ಮೋಡ್ ಬಂದು ವಿಂಡೋಸ್ ತೆರೆಯದೇ ಇರಬಹುದು. ಗಡಿಯಾರ ಪದೇ ಪದೇ ಹಿಂದೆ ಹೋಗುತ್ತಿದ್ದರೆ ಅದೇ ಸೂಚನೆ.

4. ಬಯೋಸ್ ಮೋಡ್ ‘ಲೆಗಸಿ’ ಎಂದಿದ್ದರೆ ಡಿಸ್ಕಿನ ವಿಂಗಡಣೆಯನ್ನು ಹಳೆಯ ಎಂಬಿಆರ್ ಮಾದರಿಯಿಂದ ಹೊಸ ಜಿಪಿಟಿಗೆ ಬದಲಿಸಬೇಕು. ವಿಂಡೋಸಿನಲ್ಲೇ ಇರುವ ಎಂಬಿಆರ್2ಜಿಪಿಟಿ ಸಾಧನ ಡೇಟಾ ಅಳಿಸದೆ ಇದನ್ನು ಮಾಡುತ್ತದೆ, ಆದರೆ ಪ್ರೈಮರಿ ಪಾರ್ಟಿಷನ್ ಮೂರಕ್ಕಿಂತ ಹೆಚ್ಚಿರಬಾರದು. ಮೊದಲು ‘ವ್ಯಾಲಿಡೇಟ್’, ಅದು ಪಾಸಾದರೆ ‘ಕನ್ವರ್ಟ್’. ಆದ ಕೂಡಲೇ ಬಯೋಸಿಗೆ ಹೋಗಿ ಯುಇಎಫ್‌ಐ ಮಾಡಿ. ಇಲ್ಲದಿದ್ದರೆ ಯಂತ್ರ ಬೂಟ್ ಆಗುವುದಿಲ್ಲ.

5. ಅಲ್ಲೇ ಟಿಪಿಎಂ ಆನ್ ಮಾಡಿ. ಇಂಟೆಲ್ ಬೋರ್ಡಿನಲ್ಲಿ ಅದರ ಹೆಸರು ಪಿಟಿಟಿ, ಎಎಂಡಿಯಲ್ಲಿ ಎಫ್‌ಟಿಪಿಎಂ. 8ನೇ ತಲೆಮಾರಿನ ಎಷ್ಟೋ ಡೆಸ್ಕ್‌ಟಾಪುಗಳು ‘ಅರ್ಹವಲ್ಲ’ ಎನಿಸಿಕೊಳ್ಳುವುದು ಇದು ಆಫ್ ಇರುವುದರಿಂದ.

6. ತೀರಾ ಮುಖ್ಯವಲ್ಲದ ಒಂದು ಯಂತ್ರವನ್ನು ಮೊದಲು ಅಪ್‌ಗ್ರೇಡ್ ಮಾಡಿ. ಸೆಟಪ್‌ನಲ್ಲಿ ಕಡತ ಮತ್ತು ಆ್ಯಪ್ ಉಳಿಸಿಕೊಳ್ಳುವ ಆಯ್ಕೆ ಇರಲಿ. ಮರುದಿನ ಕಾಟ, ಪ್ರಿಂಟರ್, ಟೋಕನ್, ಹಂಚಿದ ಫೋಲ್ಡರ್, ಕನ್ನಡ ಟೈಪಿಂಗ್ ಒಂದೊಂದಾಗಿ ಪರೀಕ್ಷಿಸಿ ಪುಟದಲ್ಲಿ ಗುರುತು ಹಾಕಿ. ಒಂದು ವಾರ ಸರಿಹೋದರೆ ಉಳಿದವು.

ಹಿಂದಕ್ಕೆ ಹೋಗಲು 10 ದಿನದ ಅವಕಾಶವಿದೆ: ಸೆಟ್ಟಿಂಗ್ಸ್, ಸಿಸ್ಟಮ್, ರಿಕವರಿ, ಗೋ ಬ್ಯಾಕ್. ಅಷ್ಟರೊಳಗೆ ಡಿಸ್ಕ್ ಕ್ಲೀನಪ್ ಮಾಡಿ ಹಳೆಯ ವಿಂಡೋಸ್ ಫೋಲ್ಡರ್ ಅಳಿಸಿದರೆ ಆ ದಾರಿ ಮುಚ್ಚಿಹೋಗುತ್ತದೆ. ಆ 10 ದಿನದಲ್ಲಿ ಒಂದು ಸಂತೆ, ಒಂದು ಬಿಲ್ಲಿಂಗ್ ಭರಾಟೆಯ ದಿನ ಬರುವಂತೆ ನೋಡಿಕೊಳ್ಳಿ, ಖಾಲಿ ದಿನದ ಪರೀಕ್ಷೆಯಲ್ಲಿ ತೊಂದರೆ ಗೊತ್ತಾಗುವುದಿಲ್ಲ.

ಆಫೀಸ್ 2016 ಮತ್ತು 2019ರ ಬೆಂಬಲವೂ 2025ರ ಅಕ್ಟೋಬರ್ 14ಕ್ಕೇ ಮುಗಿದಿದೆ. ವಿಂಡೋಸ್ ಬದಲಿಸಿ ಆಫೀಸನ್ನು ಹಾಗೇ ಬಿಟ್ಟರೆ ಇಮೇಲಿನಲ್ಲಿ ಬರುವ ಎಕ್ಸೆಲ್ ಕಡತದ ಅಪಾಯ ಉಳಿದೇ ಇರುತ್ತದೆ. ವಿಂಡೋಸ್ 11ರ ಹೋಮ್, ಪ್ರೋ ಆವೃತ್ತಿ ಒಂದೊಂದಕ್ಕೂ 24 ತಿಂಗಳ ಆಯುಸ್ಸು ಮಾತ್ರ: 24ಎಚ್2ಕ್ಕೆ 2026ರ ಅಕ್ಟೋಬರ್ 13, 25ಎಚ್2ಕ್ಕೆ 2027ರ ಅಕ್ಟೋಬರ್ 12. ಯಂತ್ರದ ಪುಟದ ಮೇಲ್ತುದಿಯಲ್ಲಿ ಆ ದಿನಾಂಕ ಬರೆದಿಡಿ.

ಬದಲಿಸಿದ ಹಳೆಯ ಕಂಪ್ಯೂಟರಿನ ಡಿಸ್ಕನ್ನು ಬಿಚ್ಚಿ ಆರು ತಿಂಗಳು ಬೀರುವಿನಲ್ಲಿಡಿ, ಮರೆತುಹೋದ ಕಡತ ಯಾವುದಾದರೂ ನೆನಪಾಗುವುದು ಆಗಲೇ. ಆಮೇಲೆ ಪೂರ್ತಿ ಅಳಿಸಿ, ಉಳಿದ ಪೆಟ್ಟಿಗೆಯ ಜೊತೆ ನೋಂದಾಯಿತ ಇ-ತ್ಯಾಜ್ಯ ಮರುಬಳಕೆದಾರರಿಗೆ ಕೊಡಿ. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳ ವ್ಯವಸ್ಥೆ ಅದೇ, ಗುಜರಿಗೆ ಹಾಕಬೇಡಿ.